ಒಂದೇ ಮಗು, ಎರಡು ಮ್ಯಾಚು, ಒಂದೇ ಟೈಮು: ಐರ್ಲೆಂಡ್‌ನಲ್ಲಿ ಮಕ್ಕಳ ಆಟದ ವೇಳಾಪಟ್ಟಿ ಜಗಳ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಫುಟ್‌ಬಾಲ್ ಮ್ಯಾಚು. ಅದೇ ಶನಿವಾರ ಹನ್ನೊಂದು ಗಂಟೆಗೆ, ಪಕ್ಕದ ಊರಿನ ಮೈದಾನದಲ್ಲಿ ಕಮೋಗಿ ಮ್ಯಾಚು. ಎರಡೂ ತಂಡದ ಪಟ್ಟಿಯಲ್ಲಿ ಅದೇ ಹದಿಮೂರು ವರ್ಷದ ಹುಡುಗಿಯ ಹೆಸರು. ಎರಡೂ ಕಡೆಯ ಕೋಚ್‌ಗಳು ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಅಪ್ಪ-ಅಮ್ಮನಿಗೆ ಕೇಳೋದು ಒಂದೇ ಪ್ರಶ್ನೆ: ನಾಳೆ ಮಗಳನ್ನು ನಮ್ಮ ಕಡೆ ಕಳಿಸ್ತೀರಾ, ಆ ಕಡೆ ಕಳಿಸ್ತೀರಾ?

ಐರ್ಲೆಂಡ್ ದೇಶದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಊರೂರಲ್ಲಿ ನಡೆಯುವ ಪಂಚಾಯ್ತಿ ಇದು. ಹೊರಗಿನವರಿಗೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಅಲ್ಲಿನ ಅತಿ ದೊಡ್ಡ ಕ್ರೀಡಾ ಸಂಸ್ಥೆ ಮತ್ತು ಅದರ ಇಬ್ಬರು ಸಹೋದರಿಯರಂತಿರುವ ಮಹಿಳಾ ಸಂಸ್ಥೆಗಳು ಒಂದಾಗಬೇಕು ಅಂತ ಹೊರಟಿರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಅದಕ್ಕೆ ಹಾಕಿಕೊಂಡ ಗುರಿ 2027.

ನಮ್ಮ ತಾಲ್ಲೂಕಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಒಂದು ಅಂಕಿ. 2022ರ ಐರ್ಲೆಂಡ್ ಜನಗಣತಿ ಪ್ರಕಾರ ಅಲ್ಲಿ ಭಾರತದ ಪೌರತ್ವ ಇರುವವರೇ ಸುಮಾರು 45 ಸಾವಿರ ಜನ. ಇಡೀ ದೇಶದ ಜನಸಂಖ್ಯೆ 51 ಲಕ್ಷದ ಆಸುಪಾಸು, ಅಂದರೆ 2011ರ ಲೆಕ್ಕದ ನಮ್ಮ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ಹೆಚ್ಚು. ಅಷ್ಟು ಚಿಕ್ಕ ದೇಶದಲ್ಲಿ ಆಸ್ಪತ್ರೆಯ ನರ್ಸ್ ಕೆಲಸ, ಸಾಫ್ಟ್‌ವೇರ್ ಕೆಲಸ ಅಂತ ಹೋದವರಲ್ಲಿ ಕನ್ನಡದವರೂ ಇದ್ದಾರೆ. ಅವರ ಮಕ್ಕಳು ಅಲ್ಲಿನ ಶಾಲೆಗೆ ಸೇರಿದ ಮೇಲೆ ಊರಿನ ಜಿಎಎ ಕ್ಲಬ್ಬಿನ ಬಾಗಿಲು ತಟ್ಟುವುದು ಹೆಚ್ಚುಕಡಿಮೆ ಗ್ಯಾರಂಟಿ. ಶನಿವಾರ ಫೋನ್ ಮಾಡಿದಾಗ "ಆಮೇಲೆ ಮಾಡ್ತೀನಮ್ಮ, ಮೈದಾನದಲ್ಲಿದೀನಿ" ಅಂತ ಮಗಳು ಹೇಳಿದ್ದು ಕೇಳಿದ ತಾಯಂದಿರು ನಮ್ಮ ಊರುಗಳಲ್ಲೂ ಇರಬಹುದು.

ಏನಿದು ಗೇಲಿಕ್ ಆಟ?

ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಚಿಕ್ಕದಾಗಿ ಜಿಎಎ. ಹುಟ್ಟಿದ್ದು 1884ರ ನವೆಂಬರ್ 1ರಂದು, ಟಿಪ್ಪರರಿ ಕೌಂಟಿಯ ಥರ್ಲ್ಸ್ ಪಟ್ಟಣದ ಒಂದು ಹೋಟೆಲಿನಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ. ಬ್ರಿಟಿಷರ ಕಾಲದಲ್ಲಿ ದೇಸಿ ಆಟಗಳು ಸಾಯಬಾರದು ಅಂತ ಕಟ್ಟಿದ ಸಂಸ್ಥೆ ಇದು. ಎರಡು ಮುಖ್ಯ ಆಟ. ಒಂದು ಗೇಲಿಕ್ ಫುಟ್‌ಬಾಲ್: ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಇನ್ನೊಂದು ಹರ್ಲಿಂಗ್: ಬೂದಿಮರದ ಜಾತಿಯ ಗಟ್ಟಿ ಮರದ ಕೋಲು, ಸಣ್ಣ ಚೆಂಡು, ಗಾಳಿಯಲ್ಲೇ ಹೊಡೆತ. ನಮ್ಮ ಹಾಕಿಗಿಂತ ನಾಲ್ಕು ಪಟ್ಟು ಎದೆ ಝಲ್ ಅನ್ನಿಸುವ ಆಟ. ತಲೆಗೆ ಹೆಲ್ಮೆಟ್ ಕಡ್ಡಾಯ. 2018ರಲ್ಲಿ ಯುನೆಸ್ಕೊ ಹರ್ಲಿಂಗ್ ಅನ್ನು ಜಗತ್ತಿನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೆಣ್ಣುಮಕ್ಕಳು ಆಡುವ ಹರ್ಲಿಂಗ್‌ಗೆ ಕಮೋಗಿ ಅಂತ ಹೆಸರು. ಅದಕ್ಕೆ 1904ರಲ್ಲಿ ಬೇರೆ ಸಂಸ್ಥೆ ಆಯಿತು. ಮಹಿಳೆಯರ ಫುಟ್‌ಬಾಲ್‌ಗೆ 1974ರಲ್ಲಿ ಇನ್ನೊಂದು ಸಂಸ್ಥೆ. ಅಂದರೆ ಗಂಡುಮಕ್ಕಳ ಎರಡು ಆಟಕ್ಕೆ ಒಂದು ಆಫೀಸು, ಹೆಣ್ಣುಮಕ್ಕಳ ಎರಡು ಆಟಕ್ಕೆ ಎರಡು ಆಫೀಸು. ಈ ಒಂದು ವಾಕ್ಯ ನೆನಪಿಟ್ಟುಕೊಂಡರೆ ಮುಂದಿನ ಜಗಳ ಅರ್ಧ ಅರ್ಥ ಆದಂತೆ.

ಆಟಗಾರರಿಗೆ ಸಂಬಳ ಇಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಂನಲ್ಲಿ 82 ಸಾವಿರಕ್ಕೂ ಹೆಚ್ಚು ಜನರ ಮುಂದೆ ಫೈನಲ್ ಆಡಿದವನು ಸೋಮವಾರ ಬೆಳಿಗ್ಗೆ ಶಾಲೆಗೆ ಪಾಠ ಮಾಡಲು ಹೋಗುತ್ತಾನೆ, ಇಲ್ಲವೇ ದನದ ಕೊಟ್ಟಿಗೆಗೆ. ಮಕ್ಕಳ ತಂಡಗಳ ಕೋಚ್‌ಗಳೂ ಹಾಗೆಯೇ. ಯಾರದೋ ಅಪ್ಪ, ಯಾರದೋ ಅಮ್ಮ. ವೇಳಾಪಟ್ಟಿ ಹಾಕುವವರಲ್ಲೂ ಬಹುತೇಕರು ಕೆಲಸ ಮುಗಿಸಿ ರಾತ್ರಿ ಊಟದ ಟೇಬಲ್ ಮೇಲೆ ಕೂತು ಪಟ್ಟಿ ಬರೆಯುವವರೇ. ಬೈಯುವ ಮುಂಚೆ ಇದನ್ನೂ ಗಮನಿಸಬೇಕು.

ಬೇರೆ ಆಟ ನೋಡಿದರೂ ತಪ್ಪು ಅನ್ನುತ್ತಿದ್ದ ಕಾಲ

ಒಂದು ಮಗು ನಾಲ್ಕು ಆಟ ಆಡುವುದು ಅಲ್ಲಿ ಈಗ ಸಾಮಾನ್ಯ. ಮೊದಲು ಹಾಗಿರಲಿಲ್ಲ. ಸಾಕರ್, ರಗ್ಬಿ, ಕ್ರಿಕೆಟ್, ಹಾಕಿ ಇವೆಲ್ಲ ಪರದೇಶಿ ಆಟ, ಇವನ್ನು ಆಡಿದವರಿಗೆ, ನೋಡಲು ಹೋದವರಿಗೂ ಜಿಎಎಯಲ್ಲಿ ಜಾಗ ಇಲ್ಲ ಅನ್ನುವ ನಿಯಮ ದಶಕಗಟ್ಟಲೆ ಇತ್ತು. 1938ರಲ್ಲಿ ದೇಶದ ರಾಷ್ಟ್ರಪತಿ ಡಗ್ಲಸ್ ಹೈಡ್ ಅವರು ಅಧಿಕೃತ ಅತಿಥಿಯಾಗಿ ಒಂದು ಸಾಕರ್ ಪಂದ್ಯಕ್ಕೆ ಹೋದರು ಅನ್ನುವ ಕಾರಣಕ್ಕೆ ಅವರನ್ನೇ ಜಿಎಎ ಮಹಾಪೋಷಕ ಸ್ಥಾನದಿಂದ ಕಿತ್ತುಹಾಕಲಾಯಿತು. ರಾಷ್ಟ್ರಪತಿಗೇ ಈ ಗತಿ ಅಂದ ಮೇಲೆ ಹಳ್ಳಿ ಹುಡುಗನ ಪಾಡು ಏನು? ಆ ನಿಷೇಧ ಹೋಗಿದ್ದು 1971ರಲ್ಲಿ.

ಈಗ ಯಾರೂ ನಿಷೇಧ ಹಾಕುವುದಿಲ್ಲ. ಆದರೆ ಎರಡು ಮ್ಯಾಚನ್ನು ಒಂದೇ ಹೊತ್ತಿಗೆ ಇಟ್ಟರೆ ಮಗುವಿಗೆ ಆಗುವುದು ಹೆಚ್ಚುಕಡಿಮೆ ಅದೇ. ಒಂದನ್ನು ಬಿಡಲೇಬೇಕು.

ಹನ್ನೆರಡರವರೆಗೆ ತೊಂದರೆ ಇಲ್ಲ, ಆಮೇಲೆ ಶುರು

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ "ಗೋ ಗೇಮ್ಸ್" ಅನ್ನುವ ಪದ್ಧತಿ. ಚಿಕ್ಕ ಮೈದಾನ, ಕಡಿಮೆ ಆಟಗಾರರು, ಎಲ್ಲ ಮಕ್ಕಳಿಗೂ ಆಡುವ ಅವಕಾಶ. ಲೀಗ್ ಪಟ್ಟಿ ಇಲ್ಲ, ಕಪ್ ಇಲ್ಲ. ಒಂದು ವಾರ ಮಗು ಬರದಿದ್ದರೆ ಯಾರ ಪಾಯಿಂಟೂ ಹೋಗುವುದಿಲ್ಲ. ಅದಕ್ಕೇ ಜಗಳವೂ ಇಲ್ಲ.

ಹದಿಮೂರಕ್ಕೆ ಕಾಲಿಟ್ಟರೆ ಲೀಗ್ ಪಟ್ಟಿ ಬರುತ್ತದೆ, ಚಾಂಪಿಯನ್‌ಶಿಪ್ ಬರುತ್ತದೆ. ಜೊತೆಗೆ ಹೈಸ್ಕೂಲ್ ತಂಡ ಬರುತ್ತದೆ. ಚೆನ್ನಾಗಿ ಆಡುವ ಮಗುವಾದರೆ ಕೌಂಟಿಯ ತರಬೇತಿ ತಂಡಕ್ಕೂ ಕರೆ ಬರುತ್ತದೆ. ಸಣ್ಣ ಊರಿನ ಕ್ಲಬ್ಬಿನಲ್ಲಿ ಮಕ್ಕಳ ಸಂಖ್ಯೆ ಸಾಲದೆ ಹದಿನಾಲ್ಕರ ಹುಡುಗನನ್ನು ಮೇಲಿನ ವಯಸ್ಸಿನ ತಂಡಕ್ಕೂ ಎಳೆಯುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಆಟಕ್ಕೆ ವಾರಕ್ಕೆ ಎರಡು ತರಬೇತಿ, ಒಂದು ಮ್ಯಾಚು ಅಂದರೂ ಎರಡು ಆಟಕ್ಕೆ ಆರು ಸಲ. ಇದರ ಮೇಲೆ ಸಾಕರ್‌ಗೆ ಒಂದು ತರಬೇತಿ, ಒಂದು ಮ್ಯಾಚು ಸೇರಿದರೆ ಎಂಟು. ವಾರಕ್ಕೆ ಇರೋದು ಏಳೇ ದಿನ. ಶಾಲೆ ತಂಡವನ್ನು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿಯೊಬ್ಬ ಕೋಚ್‌ ಕೇಳುವುದೂ ನ್ಯಾಯವೇ. "ವಾರಕ್ಕೆ ಎರಡು ದಿನ ಬಾ" ಅನ್ನುವುದು ಅತಿಯಾಸೆ ಅಲ್ಲ. ಆದರೆ ನಾಲ್ಕು ಜನ ನ್ಯಾಯವಾಗಿ ಕೇಳಿದ್ದನ್ನು ಕೂಡಿಸಿದರೆ ಅನ್ಯಾಯ ಆಗುತ್ತದೆ. ಕೂಡಿಸುವ ಕೆಲಸ ಯಾರದು? ಅಲ್ಲಿ ಅದಕ್ಕೆ ಅಂತ ಒಬ್ಬರೂ ಇಲ್ಲ. ಕೊನೆಗೆ ಕೂಡಿಸುವವರು ಕಾರಿನ ಸ್ಟೇರಿಂಗ್ ಹಿಡಿದ ಅಪ್ಪ-ಅಮ್ಮ, ಇಲ್ಲವೇ ಮೊಣಕಾಲು ನೋವು ಅಂತ ಕೂತ ಮಗು.

ಬೆಳಕು, ಮಳೆ, ಪರೀಕ್ಷೆ

ವರ್ಷವಿಡೀ ಹಂಚಿ ಆಡಿಸಬಹುದಲ್ಲ ಅಂತ ನಮಗೆ ಅನ್ನಿಸುತ್ತದೆ. ಅಲ್ಲಿನ ಸೂರ್ಯ ಅದಕ್ಕೆ ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ ಸಂಜೆ ನಾಲ್ಕು ದಾಟುತ್ತಿದ್ದಂತೆ ಕತ್ತಲು. ಜೂನ್‌ ಕೊನೆಯಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕು. ಎಲ್ಲ ಕ್ಲಬ್ಬಿಗೂ ಲೈಟ್ ಇರುವ ಮೈದಾನ ಇಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ಮ್ಯಾಚು ಆಡಿಸಲು ಸಿಗುವುದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಾತ್ರ. ಅಷ್ಟರಲ್ಲೇ ಜೂನ್‌ನಲ್ಲಿ ಹೈಸ್ಕೂಲ್ ಪಬ್ಲಿಕ್ ಪರೀಕ್ಷೆ. ಮೇ ತಿಂಗಳ ಶನಿವಾರಗಳಲ್ಲಿ ಚರ್ಚಿನಲ್ಲಿ ಮಕ್ಕಳ ಮೊದಲ ಪರಮಪ್ರಸಾದದ ಸಮಾರಂಭ, ಮನೆಮಂದಿಯೆಲ್ಲ ಅಲ್ಲಿ. ಮಳೆ ಬಂದು ಮೈದಾನ ಕೆಸರಾದರೆ ಮ್ಯಾಚು ಮುಂದಕ್ಕೆ. ಮುಂದೂಡಿದ ಮ್ಯಾಚು ಎಲ್ಲಿ ಹೋಗಿ ಬೀಳುತ್ತದೆ? ಇನ್ನೊಂದು ಆಟಕ್ಕೆ ಮೀಸಲಿಟ್ಟ ವಾರಕ್ಕೇ.

ಈ ತಿಂಗಳುಗಳಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುವುದಕ್ಕೆ ಇದೇ ಕಾರಣ. ಸಂತೆ ದಿನ ಬಸ್‌ಸ್ಟ್ಯಾಂಡ್ ಇದ್ದ ಹಾಗೆ.

ವಾರ ಬಿಟ್ಟು ವಾರ: ಲೆಕ್ಕ ಕೂಡುತ್ತದೆಯೇ?

ಮಕ್ಕಳ ವೇಳಾಪಟ್ಟಿಗೆ ಕೌಂಟಿ ಸಮಿತಿಗಳು ಬಳಸುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಈ ವಾರಾಂತ್ಯ ಫುಟ್‌ಬಾಲ್, ಮುಂದಿನ ವಾರಾಂತ್ಯ ಹರ್ಲಿಂಗ್. ಇನ್ನೊಂದು, ವಾರದ ಮಧ್ಯೆ ಸಂಜೆ ಒಂದು ಆಟ, ವಾರಾಂತ್ಯ ಇನ್ನೊಂದು.

ಮೊದಲನೆಯದನ್ನೇ ತೆಗೆದುಕೊಳ್ಳಿ. ಏಪ್ರಿಲ್ ಆರಂಭದಿಂದ ಸೆಪ್ಟೆಂಬರ್ ಕೊನೆಯವರೆಗೆ 26 ವಾರಾಂತ್ಯ. ಮೇ, ಜೂನ್, ಆಗಸ್ಟ್ ಮೊದಲ ಸೋಮವಾರದ ಸರ್ಕಾರಿ ರಜೆ ಬರುವ ಮೂರು ವಾರಾಂತ್ಯ ಜನ ಊರಲ್ಲಿರಲ್ಲ, ಅವನ್ನು ತೆಗೆಯಿರಿ. ಚರ್ಚಿನ ಸಮಾರಂಭಕ್ಕೆ ಒಂದು, ಬೇಸಿಗೆ ಪ್ರವಾಸಕ್ಕೆ ಎರಡು ಬಿಡಿ. ಉಳಿಯುವುದು 20. ಆಟಕ್ಕೆ ಹತ್ತರಂತೆ ಎರಡು ಭಾಗ. ಎಂಟು ತಂಡದ ಗುಂಪಾದರೆ ಎಲ್ಲರ ವಿರುದ್ಧ ಎಲ್ಲರೂ ಆಡಲು ಏಳು ಸುತ್ತು, ಸೆಮಿಫೈನಲ್ ಒಂದು, ಫೈನಲ್ ಒಂದು, ಒಟ್ಟು ಒಂಬತ್ತು. ಮಳೆಗೆ ಅಂತ ಒಂದು ವಾರ ಕೈಯಲ್ಲಿ ಉಳಿಯಿತು. ಕೂಡಿತು! ಆದರೆ ಗುಂಪಿನಲ್ಲಿ ಹನ್ನೆರಡು ತಂಡ ಇಟ್ಟರೆ ಹನ್ನೊಂದು ಸುತ್ತು, ಮೇಲೆ ಎರಡು. ಹದಿಮೂರು. ಕೂಡಲ್ಲ. ಅಂದರೆ ಜಗಳದ ಮೂಲ ಎಷ್ಟೋ ಸಲ ಶನಿವಾರದಲ್ಲಿ ಇರುವುದಿಲ್ಲ. ಚಳಿಗಾಲದಲ್ಲಿ ಗುಂಪು ಮಾಡುವಾಗಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಪೋಷಕರು ಮೇ ತಿಂಗಳಲ್ಲಿ ಕೂಗಾಡುತ್ತಾರೆ, ಅಷ್ಟೊತ್ತಿಗೆ ಬಸ್ ಹೊರಟು ಹೋಗಿರುತ್ತದೆ.

ಈ ಪದ್ಧತಿಗೂ ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಒಂದೇ ಆಟ ಆಡುವ ಮಗುವಿಗೆ ಹದಿನೈದು ದಿನಕ್ಕೆ ಒಂದೇ ಮ್ಯಾಚು ಸಿಗುತ್ತದೆ. ದೊಡ್ಡ ಊರಿನ ಕ್ಲಬ್ಬುಗಳಲ್ಲಿ ಅಂಥ ಮಕ್ಕಳೇ ಜಾಸ್ತಿ. ಅವರ ಪೋಷಕರು "ಎರಡು ಆಟ ಆಡುವವರಿಗಾಗಿ ನಮ್ಮ ಮಗ ಯಾಕೆ ಕಾಯಬೇಕು" ಅಂದರೆ ಅದಕ್ಕೆ ಸುಲಭದ ಉತ್ತರ ಇಲ್ಲ. ಹಳ್ಳಿ ಕ್ಲಬ್ಬಿನ ಪರಿಸ್ಥಿತಿ ಉಲ್ಟಾ. ಅಲ್ಲಿ ಫುಟ್‌ಬಾಲ್‌ನ ಹದಿನೈದು ಜನವೇ ಹರ್ಲಿಂಗ್‌ನ ಹದಿನೈದು ಜನ. ಎರಡು ಮ್ಯಾಚು ಒಂದೇ ದಿನ ಬಿದ್ದರೆ ಒಂದು ಕಡೆ ತಂಡವೇ ಇಲ್ಲ, ಎದುರಾಳಿಗೆ ಆಡದೆಯೇ ಗೆಲುವು. ನಮ್ಮ ಸಣ್ಣ ಶಾಲೆಗಳಲ್ಲಿ ಕಬಡ್ಡಿಗೂ ಖೊಖೊಗೂ ಅದೇ ಮಕ್ಕಳ ಹೆಸರು ಬರೆಯುವುದನ್ನು ಬಲ್ಲ ಪಿಟಿ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದೇ ಕೌಂಟಿಯಲ್ಲಿ ಈ ಎರಡೂ ಜಾತಿಯ ಕ್ಲಬ್ಬುಗಳು ಇರುತ್ತವೆ. ಎಲ್ಲರಿಗೂ ಒಂದೇ ಪಟ್ಟಿ ಹೊಂದಿಸುವುದು ಕಷ್ಟ. ಆದರೂ ಒಂದು ಕಡೆ ವಾಲಲೇಬೇಕು ಅಂದರೆ ಹಳ್ಳಿಯ ಕಡೆ ವಾಲುವುದು ಸರಿ. ಪಟ್ಟಣದ ಮಗುವಿಗೆ ಹೋಗುವುದು ಒಂದು ಮ್ಯಾಚು, ಹಳ್ಳಿಗೆ ಹೋಗುವುದು ತಂಡವೇ.

ಎರಡನೇ ದಾರಿ, ವಾರದ ಮಧ್ಯೆ ಒಂದು ಆಟ ಅನ್ನುವುದು, ಕೇಳಲು ಚೆನ್ನ. ಅದಕ್ಕೆ ಬೆಳಕು ಬೇಕು, ರೆಫರಿ ಬೇಕು, ಕೆಲಸ ಬಿಟ್ಟು ಕಾರು ಓಡಿಸುವ ದೊಡ್ಡವರು ಬೇಕು. ಸರತಿ ಪಾಳಿಯ ನರ್ಸಮ್ಮನಿಗೆ ಬುಧವಾರ ಸಂಜೆ ಆರೂವರೆ ಮ್ಯಾಚು ಅಂದರೆ ಪಾಳಿ ಬದಲಾಯಿಸಿಕೊಳ್ಳಲು ಯಾರ ಕಾಲು ಹಿಡಿಯಬೇಕೋ. ರೆಫರಿಗಳ ಕೊರತೆಯಂತೂ ಅಲ್ಲಿ ಹಳೇ ರೋಗ.

ಸಾಕರ್ ಬಂದರೆ ಇನ್ನೊಂದು ಗಂಟು

ಮೊದಲು ಮಕ್ಕಳ ಸಾಕರ್ ಹೆಚ್ಚಾಗಿ ಶರತ್ಕಾಲದಿಂದ ವಸಂತದವರೆಗೆ, ಗೇಲಿಕ್ ಬೇಸಿಗೆಯಲ್ಲಿ. ಪೂರ್ತಿ ಅಲ್ಲದಿದ್ದರೂ ಒಂದು ಮಟ್ಟಿಗೆ ಋತು ಹಂಚಿಕೆ ಆಗಿತ್ತು. ದೇಶದ ಸಾಕರ್ ಲೀಗ್ 2003ರಲ್ಲೇ ಬೇಸಿಗೆಗೆ ಬಂತು. ಮಕ್ಕಳ ಸಾಕರ್ ಕೂಡ ಕ್ಯಾಲೆಂಡರ್ ವರ್ಷಕ್ಕೆ ಬರಲಿ ಅನ್ನುವ ಚರ್ಚೆ ಅಲ್ಲಿ ಬಿಸಿಯಾಗಿ ನಡೆದಿದೆ. ಸಾಕರ್‌ನವರ ವಾದದಲ್ಲಿ ಹುರುಳಿದೆ: ಜನವರಿಯ ಕೆಸರಿನಲ್ಲಿ ಮಕ್ಕಳನ್ನು ಯಾಕೆ ನಡುಗಿಸಬೇಕು? ಆದರೆ ಎಲ್ಲರೂ ಒಳ್ಳೆ ಹವೆಗೆ ಬಂದು ನಿಂತರೆ ಒಳ್ಳೆ ಹವೆಯ ಶನಿವಾರಗಳು ಹೆಚ್ಚಾಗುವುದಿಲ್ಲ. ಜಿಎಎ ತನ್ನ ಮೂರು ಸಂಸ್ಥೆ ಒಂದು ಮಾಡಿಕೊಂಡರೂ ಸಾಕರ್ ಸಂಸ್ಥೆ ಅದರ ಮಾತು ಕೇಳಬೇಕಿಲ್ಲ.

2027ರಲ್ಲಿ ಏನಾಗುತ್ತದೆ?

ಮಾಜಿ ರಾಷ್ಟ್ರಪತಿ ಮೇರಿ ಮೆಕಲೀಸ್ ಅಧ್ಯಕ್ಷತೆಯ ಸಮಿತಿ 2024ರ ಫೆಬ್ರವರಿಯಲ್ಲಿ ಒಂದು ಗುರಿ ಘೋಷಿಸಿತು. ಜಿಎಎ, ಕಮೋಗಿ ಸಂಸ್ಥೆ, ಮಹಿಳಾ ಗೇಲಿಕ್ ಫುಟ್‌ಬಾಲ್ ಸಂಸ್ಥೆ, ಮೂರೂ 2027ರ ಹೊತ್ತಿಗೆ ಒಂದೇ ಸಂಸ್ಥೆ ಆಗಬೇಕು. ಸದಸ್ಯತ್ವದ ನೋಂದಣಿಗೆ ಮೂರಕ್ಕೂ ಒಂದೇ ಆನ್‌ಲೈನ್ ವ್ಯವಸ್ಥೆ ಈಗಾಗಲೇ ಇದೆ. ಫೀಸು ಕಟ್ಟುವಾಗ ಒಂದೇ ಮಗು, ಮ್ಯಾಚು ಹಾಕುವಾಗ ಎರಡು ಮಗು. ನಗು ಬರುತ್ತದೆ, ಆದರೆ ನಿಜ.

ಹೆಣ್ಣುಮಕ್ಕಳಿಗೆ ಇದರಿಂದ ಲಾಭ ಇದೆ ಅನ್ನುವುದರಲ್ಲಿ ಅನುಮಾನ ಬೇಡ. ಈಗ ಕಮೋಗಿ ಪಟ್ಟಿ ಹಾಕುವವರಿಗೂ ಫುಟ್‌ಬಾಲ್ ಪಟ್ಟಿ ಹಾಕುವವರಿಗೂ ಮಾತಾಡಿಕೊಳ್ಳಲೇಬೇಕು ಅನ್ನುವ ಕಟ್ಟುಪಾಡಿಲ್ಲ. ಒಳ್ಳೆಯವರಿದ್ದ ಕೌಂಟಿಯಲ್ಲಿ ಫೋನ್ ಮಾಡಿ ಹೊಂದಿಸಿಕೊಳ್ಳುತ್ತಾರೆ. ಇಲ್ಲದ ಕಡೆ ಇಲ್ಲ. ಇನ್ನೂ ಒಂದು ಮಾತು: ಮೈದಾನ ಬಹುತೇಕ ಜಿಎಎ ಕ್ಲಬ್ಬಿನದು. ಗಂಡುಮಕ್ಕಳ ಪಟ್ಟಿ ಆದ ಮೇಲೆ ಉಳಿದ ಹೊತ್ತು ಹೆಣ್ಣುಮಕ್ಕಳಿಗೆ ಅನ್ನುವ ದೂರು ಬಹಳ ಹಳೆಯದು. ಮೈದಾನ ಸಿಗದೆ ಎರಡೂ ಮ್ಯಾಚು ಇದ್ದ ಒಂದೇ ಖಾಲಿ ಗಂಟೆಗೆ ಬಂದು ಬೀಳುವುದೂ ಉಂಟು. ಒಂದೇ ಸಂಸ್ಥೆ ಆದರೆ ಕನಿಷ್ಠ ಆ ದೂರನ್ನು ಒಂದೇ ಟೇಬಲ್ ಮೇಲೆ ಇಡಬಹುದು.

ಆದರೆ ಒಂದೇ ಆಫೀಸು ಆದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಗಂಡುಮಕ್ಕಳ ಕಡೆ ನೋಡಬೇಕು. ಹರ್ಲಿಂಗ್, ಫುಟ್‌ಬಾಲ್ ಎರಡೂ 1884ರಿಂದ ಒಂದೇ ಜಿಎಎ ಕೈಯಲ್ಲಿವೆ. ಆದರೂ ಘರ್ಷಣೆ ನಿಂತಿಲ್ಲ. ಯಾಕೆಂದರೆ ಒಂದೇ ಬೋರ್ಡಿನ ಕೆಳಗೆ ಕ್ಲಬ್ಬಿನ ಕೋಚ್ ಬೇರೆ, ಶಾಲೆಯ ಕೋಚ್ ಬೇರೆ, ಕೌಂಟಿ ತರಬೇತಿ ತಂಡದವರು ಬೇರೆ. ಕಿಲ್ಕೆನಿ ಕೌಂಟಿಯನ್ನೇ ನೋಡಿ. ಹರ್ಲಿಂಗ್‌ನಲ್ಲಿ ಹುಲಿ, ಹಿರಿಯರ ಅಖಿಲ ಐರ್ಲೆಂಡ್ ಫುಟ್‌ಬಾಲ್ ಚಾಂಪಿಯನ್‌ಶಿಪ್‌ನಲ್ಲಿ ತಂಡವನ್ನೇ ಇಳಿಸುವುದಿಲ್ಲ. ಆಯ್ಕೆ ಮಾಡಿಕೊಂಡು ಬಿಟ್ಟಿದ್ದಾರೆ. ಬೇರೆ ಹಲವು ಕೌಂಟಿಗಳಲ್ಲಿ ಉಲ್ಟಾ, ಫುಟ್‌ಬಾಲ್ ಎದುರು ಹರ್ಲಿಂಗ್ ಮೂಲೆಗೆ ಸರಿದಿದೆ.

ದೊಡ್ಡವರ ಮಟ್ಟದಲ್ಲಿ 2022ರಿಂದ ವರ್ಷವನ್ನು ಎರಡಾಗಿ ಸೀಳಿದರು. ಮೊದಲ ಭಾಗ ಕೌಂಟಿ ತಂಡಗಳಿಗೆ, ಜುಲೈನಲ್ಲಿ ಅಖಿಲ ಐರ್ಲೆಂಡ್ ಫೈನಲ್ ಮುಗಿದ ಮೇಲೆ ಕ್ಲಬ್ಬುಗಳಿಗೆ. ಮುಂಚೆ ಸೆಪ್ಟೆಂಬರ್‌ನಲ್ಲಿ ಆಗುತ್ತಿದ್ದ ಫೈನಲ್ ಜುಲೈಗೆ ಬಂದಿದ್ದಕ್ಕೆ ಬೇಜಾರು ಮಾಡಿಕೊಂಡವರು ಬಹಳ ಜನ. ಆದರೆ ಕ್ಲಬ್ಬಿನ ಆಟಗಾರನಿಗೆ ಮ್ಯಾಚು ಯಾವಾಗ ಅಂತ ಮೊದಲೇ ಗೊತ್ತಾಗುವ ಹಾಗಾಯಿತು. ಅಂದರೆ ಮನಸ್ಸು ಮಾಡಿದರೆ ಕ್ಯಾಲೆಂಡರಿಗೆ ಗೆರೆ ಎಳೆಯಬಹುದು ಅಂತ ಅವರೇ ತೋರಿಸಿದ್ದಾರೆ. ಮಕ್ಕಳಿಗೆ ಬೇಕಾಗಿರುವುದೂ ಆ ಥರದ ಗೆರೆಯೇ: ಇದು ಈ ಆಟದ ವಾರ, ಈ ವಾರ ಇನ್ನೊಂದು ಆಟದವರು ತರಬೇತಿಗೂ ಕರೆಯುವ ಹಾಗಿಲ್ಲ.

ಕಳೆದುಹೋಗುತ್ತಿರುವುದು

ಕಾರ್ಕ್ ಕೌಂಟಿಯ ಟೆಡ್ಡಿ ಮೆಕಾರ್ಥಿ 1990ರಲ್ಲಿ ಒಂದೇ ವರ್ಷ ಹರ್ಲಿಂಗ್, ಫುಟ್‌ಬಾಲ್ ಎರಡರ ಹಿರಿಯರ ಅಖಿಲ ಐರ್ಲೆಂಡ್ ಫೈನಲ್ ಆಡಿ ಎರಡನ್ನೂ ಗೆದ್ದ. ಆ ಸಾಧನೆ ಬೇರೆ ಯಾರಿಗೂ ಆಗಿಲ್ಲ. ಅದೇ ಕಾರ್ಕ್‌ನ ರೀನಾ ಬಕ್ಲಿ ಎರಡೂ ಆಟ ಸೇರಿ 18 ಅಖಿಲ ಐರ್ಲೆಂಡ್ ಪದಕ ಗೆದ್ದಾಕೆ. 2012ರಲ್ಲಿ ಫುಟ್‌ಬಾಲ್ ತಂಡದ ನಾಯಕಿಯಾಗಿ, 2017ರಲ್ಲಿ ಕಮೋಗಿ ತಂಡದ ನಾಯಕಿಯಾಗಿ ಕಪ್ ಎತ್ತಿದಳು. ಇಂಥವರು ಮುಂದೆ ಹುಟ್ಟುವುದು ಕಷ್ಟ ಅಂತ ಅಲ್ಲಿ ಬಹಳ ಜನ ಒಪ್ಪುತ್ತಾರೆ. ದೊಡ್ಡವರ ತರಬೇತಿ ಈಗ ಅಷ್ಟು ಬಿಗಿ, ಇರಲಿ ಬಿಡಿ. ಆದರೆ ಹದಿಮೂರು ವರ್ಷದ ಮಗುವಿಗೆ ಆ ಬಿಗಿ ಯಾಕೆ? ಅಲ್ಲಿ ಮೊಟ್ಟೆಯಲ್ಲೇ ಆಯ್ಕೆ ಮುಗಿದರೆ ಹಳ್ಳಿಯ ಕ್ಲಬ್ಬಿಗೆ ಒಂದು ಆಟ ಪೂರ್ತಿ ಹೋಗುತ್ತದೆ. ಒಮ್ಮೆ ನಿಂತ ತಂಡವನ್ನು ಮತ್ತೆ ಕಟ್ಟುವುದು, ಮುಚ್ಚಿದ ಅಂಗಡಿಯ ಗಿರಾಕಿಯನ್ನು ವಾಪಸ್ ಕರೆತಂದಷ್ಟೇ ಕಷ್ಟ.

ಅಲ್ಲಿರುವ ನಮ್ಮವರಿಗೆ ಒಂದು ಸಲಹೆ, ಇಲ್ಲಿಂದ ಫೋನ್ ಮಾಡುವವರು ದಾಟಿಸಬಹುದು. ವರ್ಷದ ಆರಂಭದಲ್ಲಿ ಮಗುವಿನ ಹೆಸರು ಬರೆಸುವಾಗ ಫೀಸು ಎಷ್ಟು ಅಂತ ಮಾತ್ರ ಕೇಳಿ ಬರಬೇಡಿ. ಈ ಕ್ಲಬ್ಬಿನಲ್ಲಿ ನಾಲ್ಕೂ ಆಟಕ್ಕೆ ಒಂದೇ ಸಮಿತಿಯೋ, ಬೇರೆ ಬೇರೆಯೋ ಕೇಳಿ. ಹಲವು ಕ್ಲಬ್ಬುಗಳು ಈಗಾಗಲೇ ಒಂದೇ ಸಮಿತಿಗೆ ಬಂದಿವೆ. ಮಗುವಿನ ವಯಸ್ಸಿನ ಗುಂಪಿಗೆ ಯಾವ ವಾರ ಯಾವ ಆಟ, ತರಬೇತಿ ಯಾವ ದಿನ ಅಂತ ಎರಡೂ ಕೋಚ್‌ಗಳನ್ನು ಎದುರು ಕೂರಿಸಿ ಬರೆಸಿಕೊಳ್ಳಿ. ಎರಡೂ ತಂಡಕ್ಕೆ ಒಂದೇ ವಾಟ್ಸ್‌ಆ್ಯಪ್ ಗ್ರೂಪ್ ಮಾಡಲು ಹೇಳಿ. ಹೊಸಬರು, ಬೇರೆ ದೇಶದವರು ಅಂತ ಸಂಕೋಚ ಬೇಡ. ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಸದಸ್ಯರಿಗೆ ಮಾತಾಡುವ ಹಕ್ಕಿದೆ, ಮತ್ತು ಆ ಸಭೆಗಳಲ್ಲಿ ಕುರ್ಚಿಗಳು ಸಾಮಾನ್ಯವಾಗಿ ಖಾಲಿಯೇ ಇರುತ್ತವೆ.